ಕಡಿಮೆ ಸಂಬಳ, ಬಿಳಿ ಕಾಲರು: ಮಸ್ಕತ್ ಕನ್ನಡಿಗರ ಉಡುಪು

ಕಡಿಮೆ ಸಂಬಳದಲ್ಲಿ ಅಚ್ಚುಕಟ್ಟಾಗಿ ಕಾಣಿಸಿಕೊಳ್ಳುವ ವಿದ್ಯೆಯನ್ನು ಒಮಾನಿನ ಕನ್ನಡಿಗರು ಕಲಿತದ್ದು ಹೆಚ್ಚಾಗಿ 1970ರಿಂದ 1990ರ ದಶಕದವರೆಗಿನ ಅವಧಿಯಲ್ಲಿ, ಮಸ್ಕತ್‌ನ ರುವಿ, ಮತ್ರಾ, ದಾರ್ಸೈತ್, ವಾದಿ ಕಬೀರ್‌ಗಳ ಹಂಚಿಕೆಯ ರೂಮುಗಳಲ್ಲಿ. ಒಂದು ರೂಮಿಗೆ ನಾಲ್ಕೈದು ಮಂಚ, ಎಲ್ಲರಿಗೂ ಸೇರಿ ಒಂದು ಕಪಾಟು, ಅದರಲ್ಲಿ ತಲೆಗೊಂದು ಖಾನೆ. ಆ ಖಾನೆಯಲ್ಲಿ ಹಿಡಿದಷ್ಟೇ ಬಟ್ಟೆ. ಗುಮಾಸ್ತರು, ಟೈಪಿಸ್ಟರು, ಸ್ಟೋರ್‌ಕೀಪರುಗಳು, ಡ್ರೈವರುಗಳು, ಆಸ್ಪತ್ರೆಯ ನೌಕರರು ಈ ಖಾನೆಗಳಿಂದಲೇ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೆಗೆದು ಹೊರಡುತ್ತಿದ್ದರು. ಅವರ ಸಂಬಳ ಎಷ್ಟೆಂದು ಅಂಗಿ ನೋಡಿ ಹೇಳುವುದು ಸುಲಭವಾಗಿರಲಿಲ್ಲ.

ಬಂದವರಲ್ಲಿ ಬಹುಪಾಲು ಕರಾವಳಿಯವರು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರಿಗೆ ಮಸ್ಕತ್ ಹೊಸ ಹೆಸರಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಹಿಂದೆಯೇ ಅಲ್ಲಿಗೆ ಹಡಗೇರುತ್ತಿತ್ತು. ಟಿಪ್ಪು ಸುಲ್ತಾನ್ ಅಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಭಾರತೀಯ ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಹೊರಡಿಸಿದ ರೂಪಾಯಿ ಒಮಾನಿನಲ್ಲಿ 1970ರವರೆಗೂ ಚಲಾವಣೆಯಲ್ಲಿತ್ತು. ಅದೇ ವರ್ಷ ಜುಲೈ 23ರಂದು ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ರಸ್ತೆ, ಬಂದರು, ಬ್ಯಾಂಕು, ಆಸ್ಪತ್ರೆಗಳು ಒಂದರ ಹಿಂದೊಂದು ಎದ್ದವು, ಜನ ಬೇಕಾದರು. ರೂಪಾಯಿಯ ಜಾಗಕ್ಕೆ ರಿಯಾಲ್ ಬಂತು. ಒಂದು ರಿಯಾಲಿಗೆ ಸಾವಿರ ಬೈಸಾ. ಬಟ್ಟೆಯ ಖರ್ಚಿನ ಲೆಕ್ಕ ರಿಯಾಲಿಗಿಂತ ಬೈಸಾಗಳಲ್ಲೇ ನಡೆಯುತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಈ ವಿದ್ಯೆ ಅಲ್ಲಿ ಬೇಕಾದದ್ದಕ್ಕೆ ಒಂದು ಕಾರಣ ಒಮಾನಿಗಳ ಉಡುಪು. ಒಮಾನಿ ಗಂಡಸಿನ ದಿಶ್‌ದಾಶಾ ಕಾಲರಿಲ್ಲದ, ಮೊಣಕೈ ದಾಟಿ ಮಣಿಕಟ್ಟಿನವರೆಗೆ ತೋಳಿರುವ, ಪಾದದವರೆಗೆ ಇಳಿಯುವ ನಿಲುವಂಗಿ. ಕತ್ತಿನ ಬಳಿ ಫುರಾಖಾ ಎಂಬ ಒಂದು ಸಣ್ಣ ಕುಚ್ಚು. ತಲೆಗೆ ಕಸೂತಿಯ ಕುಮ್ಮಾ ಟೋಪಿ. ಕಚೇರಿಗೆ, ಸಮಾರಂಭಕ್ಕೆ ಹೊರಟರೆ ಮಸ್ಸರ್ ಎಂಬ ಮುಂಡಾಸು. ಸರಕಾರಿ ಕಚೇರಿಯ ಒಮಾನಿ ನೌಕರರು ಇದನ್ನೇ ಉಡಬೇಕು. ಸಚಿವನದೂ ಜವಾನನದೂ ಒಂದೇ ಕತ್ತರಿಕೆಯ ಉಡುಪು. ವ್ಯತ್ಯಾಸ ಇರುವುದು ಬಟ್ಟೆಯ ನಯದಲ್ಲಿ, ಇಸ್ತ್ರಿಯಲ್ಲಿ, ಮಸ್ಸರ್‌ಗೆ ಬಳಸಿದ ಕಾಶ್ಮೀರದ ಪಶ್ಮಿನಾ ಅಸಲಿಯೋ ಅಲ್ಲವೋ ಎಂಬುದರಲ್ಲಿ. ಇಂಥ ಊರಿನಲ್ಲಿ ಕಣ್ಣು ಬಣ್ಣವನ್ನೂ ಡಿಸೈನನ್ನೂ ಹುಡುಕುವುದಿಲ್ಲ. ಕಲೆ, ಸುಕ್ಕು, ಅಳತೆಯ ತಪ್ಪನ್ನು ಮಾತ್ರ ಹುಡುಕುತ್ತದೆ. ಬೊಂಬಾಯಿಯ ಫ್ಯಾಷನ್ ತಲೆಯಲ್ಲಿಟ್ಟುಕೊಂಡು ಹೂವಿನ ಅಂಗಿ, ಅಗಲ ಕಾಲರು, ಬೆಲ್‌ಬಾಟಮ್ಮು ತೊಟ್ಟು ಬಂದವರು ಕೆಲವೇ ತಿಂಗಳಲ್ಲಿ ತಿಳಿ ನೀಲಿ, ಕೆನೆ, ಬಿಳಿ ಬಣ್ಣಗಳಿಗೆ ಇಳಿದದ್ದು ಯಾರೋ ಬುದ್ಧಿ ಹೇಳಿದ್ದರಿಂದಲ್ಲ. ಸುತ್ತಲಿನ ನೋಟವೇ ಹಾಗಿತ್ತು. ನಗರದ ನಿಯಮಗಳೂ ಅದೇ ಸ್ವಭಾವದವು. ಕೊಳೆಯಾದ ಕಾರು ಓಡಿಸಿದರೆ ದಂಡ, ಬೀದಿಗೆ ಕಾಣುವ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೂ ದಂಡ.

ರೆಡಿಮೇಡ್ ಬಟ್ಟೆ ಆಗ ಇರಲಿಲ್ಲವೆಂದಲ್ಲ. ಅದು ದುಬಾರಿ, ಇಲ್ಲವೇ ಕಳಪೆ. ನಡುವಿನದು ಸಿಗುವುದು ಕಷ್ಟ. ಹಾಗಾಗಿ ದಾರಿ ಟೈಲರ್ ಅಂಗಡಿಗೆ ಹೋಗುತ್ತಿತ್ತು. ರುವಿಯ ಹಳೆಯ ಬೀದಿಗಳಲ್ಲಿ ಬಟ್ಟೆ ಅಂಗಡಿ, ಟೈಲರ್ ಅಂಗಡಿ, ಲಾಂಡ್ರಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಟೈಲರುಗಳು ಕೇರಳದವರು, ಬಾಂಗ್ಲಾದವರು, ಪಾಕಿಸ್ತಾನದವರು. ಅವರ ಮುಖ್ಯ ದುಡಿಮೆ ದಿಶ್‌ದಾಶಾ. ಪ್ಯಾಂಟು ಅಂಗಿ ಅದರ ನಡುವೆ ಬರುವ ಕೆಲಸ. ದಿಶ್‌ದಾಶಾ ಹೊಲಿಯುವ ಕೈಗೆ ಹೆಗಲಿನ ಹೊಲಿಗೆ ಎಲ್ಲಿ ಕೂರಬೇಕು, ತೋಳು ಎಲ್ಲಿ ನಿಲ್ಲಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಆ ಉಡುಪಿನಲ್ಲಿ ತಪ್ಪನ್ನು ಮುಚ್ಚಲು ಕಾಲರಿಲ್ಲ, ಬೆಲ್ಟಿಲ್ಲ. ಅದರ ಲಾಭ ಪಕ್ಕದ ಗಿರಾಕಿಗಳಿಗೂ ಸಿಕ್ಕಿತು.

ಬಟ್ಟೆಯೂ ದಿಶ್‌ದಾಶಾದ ಕೃಪೆಯಿಂದಲೇ ಒಳ್ಳೆಯದು ಬರುತ್ತಿತ್ತು. ಕೊಲ್ಲಿಯ ನಿಲುವಂಗಿಗಳಿಗೆ ಬೇಕಾದ ನುಣುಪು ಪಾಲಿಯೆಸ್ಟರ್ ಬಟ್ಟೆಯನ್ನು ಜಪಾನಿನ ಟೊಯೋಬೊದಂಥ ಗಿರಣಿಗಳು ನೇಯ್ದು ಕಳಿಸುತ್ತವೆ. ಸುಕ್ಕು ಬೀಳದ, ತೊಳೆದರೆ ಬೇಗ ಒಣಗುವ, ಬಿಳುಪು ಕಳೆದುಕೊಳ್ಳದ ಬಟ್ಟೆ ಅದು. ಥಾನಿನ ಅಂಚಿನಲ್ಲಿ ಅಚ್ಚಾದ ಕಂಪನಿಯ ಹೆಸರು ನೋಡಿ ಬಟ್ಟೆ ಕೊಳ್ಳುವ ಅಭ್ಯಾಸ ಆ ಪೀಳಿಗೆಯವರಿಗೆ ಇಂದಿಗೂ ಬಿಟ್ಟಿಲ್ಲ. ಥಾನು ಮುಗಿಯುವಾಗ ಉಳಿಯುವ ಕಟ್‌ಪೀಸು ಅಗ್ಗ. ಐವತ್ತೆಂಟು ಇಂಚು ಅಗಲದ ಬಟ್ಟೆಯಾದರೆ ತೆಳ್ಳನೆಯ ಆಳಿನ ಪ್ಯಾಂಟಿಗೆ ಒಂದೂಕಾಲು ಮೀಟರ್ ಸಾಕು. ಆ ಅಳತೆಯ ತುಂಡಿಗಾಗಿ ಕಾದಿದ್ದು, ಅಂಗಡಿಯವನು ಹೇಳಿ ಕಳಿಸಿದಾಗ ಓಡುವವರಿದ್ದರು. ದಪ್ಪನೆಯವರಿಗೆ ಈ ಭಾಗ್ಯ ಇಲ್ಲ.

ಟೈಲರಿಗೆ ಹೇಳಬೇಕಾದದ್ದನ್ನು ರೂಮಿನ ಹಿರಿಯರು ಹೊಸಬರಿಗೆ ಕಲಿಸಿಕೊಡುತ್ತಿದ್ದರು. ಅಳತೆ ತೆಗೆಸಿಕೊಳ್ಳುವುದಕ್ಕಿಂತ ಮೈಗೆ ಸರಿಯಾಗಿ ಕೂತ ಹಳೆಯ ಅಂಗಿಯನ್ನೇ ಅಳತೆಗೆ ಕೊಡುವುದು ಮೇಲು. ಪ್ಯಾಂಟಿನ ಸೊಂಟದ ಹಿಂಬದಿ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡಿಸಬೇಕು. ಮೆಸ್ಸಿನ ಊಟಕ್ಕೆ ಹೊಟ್ಟೆ ಬರುವುದು ನಿಶ್ಚಯ. ಕಾಲಿನ ಅಂಚನ್ನೂ ಒಳಕ್ಕೆ ದೊಡ್ಡದಾಗಿ ಮಡಿಸಿದರೆ ಸವೆದಾಗ ಬಿಚ್ಚಿ ಇಳಿಸಬಹುದು. ಅಂಗಿಯ ಕಾಲರು ಮೊದಲು ಸವೆಯುವ ಜಾಗ. ಮಡಿಕೆಯ ಗೆರೆಯಲ್ಲಿ ನೂಲು ಎದ್ದಾಗ ಅದನ್ನು ಬಿಚ್ಚಿ, ತಿರುವಿ, ಒಳಮೈ ಹೊರಗೆ ಮಾಡಿ ಹೊಲಿಸಿದರೆ ಅಂಗಿಗೆ ಇನ್ನೊಂದು ಆಯುಷ್ಯ. ಗುಂಡಿಗಳು ಹೊಳೆಯುವ ಪ್ಲಾಸ್ಟಿಕ್ಕಿನವಾಗಿದ್ದರೆ ಬದಲಿಸಿ ಬಟ್ಟೆಯ ಬಣ್ಣಕ್ಕೆ ಹೊಂದುವುದನ್ನು ಹಾಕಿಸುವುದು ಕೆಲವೇ ಬೈಸಾಗಳ ಕೆಲಸ, ಆದರೆ ಅಂಗಿಯ ದರ್ಜೆಯನ್ನು ಅಷ್ಟು ಬೇಗ ಏರಿಸುವ ಕೆಲಸ ಇನ್ನೊಂದಿಲ್ಲ. ಪ್ಯಾಂಟು ಎರಡು ಇದ್ದರೆ ಒಂದು ಕಪ್ಪು ಅಥವಾ ಕಡು ನೀಲಿ, ಇನ್ನೊಂದು ಬೂದು. ಅಂಗಿ ನಾಲ್ಕು, ಯಾವುದನ್ನು ಯಾವುದರ ಮೇಲೆ ಹಾಕಿದರೂ ಹೊಂದಬೇಕು. ಕಂದು ಬಣ್ಣದ ಪ್ಯಾಂಟು ಹೊಲಿಸಿದವನು ಕಂದು ಬೂಟನ್ನೂ ಕೊಳ್ಳಬೇಕಾಗುತ್ತದೆಂಬುದು ರೂಮಿನ ಲೆಕ್ಕ. ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹೊಲಿಸಿದ್ದನ್ನು ಕಾಪಾಡುವುದು ಅದಕ್ಕಿಂತ ದೊಡ್ಡ ಕೆಲಸವಾಗಿತ್ತು. ಮಸ್ಕತ್‌ನ ಬೇಸಿಗೆ ಬೆವರಿನ ಬೇಸಿಗೆ. ಕಡಲು ಪಕ್ಕದಲ್ಲೇ ಇರುವುದರಿಂದ ರಾತ್ರಿಯೂ ತಣಿಯುವುದಿಲ್ಲ. ಮಸ್ಕತ್‌ಗೆ ಹತ್ತಿರದ ಕುರಿಯಾತ್‌ನಲ್ಲಿ 2018ರ ಜೂನ್ ತಿಂಗಳಲ್ಲಿ ಒಂದು ಇಡೀ ದಿನ ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಕಚೇರಿಯೊಳಗೆ ಏಸಿ, ಹೊರಗೆ ಬೆಂಕಿ. ಬೆವರು ಬಂದು, ಒಳಗೆ ಹೋದಾಗ ಆರಿ, ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಬಿಡುತ್ತಿತ್ತು. ಇದಕ್ಕೆ ಮದ್ದು ಬನಿಯನ್ನು. ಸೆಖೆಯಲ್ಲಿ ಇನ್ನೊಂದು ಪದರ ಯಾಕೆಂದು ಹೊಸಬರು ಕೇಳುತ್ತಿದ್ದರು. ಹತ್ತಿಯ ಬನಿಯನ್ನು ಬೆವರನ್ನು ತಾನು ಹೀರಿ ಅಂಗಿಯನ್ನು ಉಳಿಸುತ್ತದೆ, ಹಾಗಾಗಿ ಊರಿನಿಂದ ತರಿಸುವ ಸಾಮಾನಿನ ಪಟ್ಟಿಯಲ್ಲಿ ಉಪ್ಪಿನಕಾಯಿಯ ಜೊತೆ ತಿರುಪ್ಪೂರಿನ ಬನಿಯನ್ನುಗಳೂ ಇರುತ್ತಿದ್ದವು.

ಕೆಲಸದಿಂದ ಬಂದ ಕೂಡಲೇ ಅಂಗಿಯನ್ನು ನೀರಿನಲ್ಲಿ ಅದ್ದಿಡುವುದು ಎರಡನೆಯ ನಿಯಮ. ಬೆವರು ಒಣಗಿ ಒಂದು ರಾತ್ರಿ ಕಳೆದರೆ ಕಂಕುಳಿನ ಹಳದಿ ಕಲೆ ಹೋಗುವುದಿಲ್ಲ. ಕಾಲರಿಗೆ ಮೊದಲು ಸೋಪು ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಬೇಕು. ವಾಷಿಂಗ್ ಮೆಷಿನ್ ಬಂದ ಮೇಲೂ ಕಾಲರಿನ ಕೆಲಸ ಕೈಯದ್ದೇ ಆಗಿತ್ತು. ಬಿಳಿ ಅಂಗಿಗೆ ನೀಲಿ. ಉಜಾಲಾದ ಸಣ್ಣ ಬಾಟಲಿ ಊರಿನಿಂದ ಬರುತ್ತಿತ್ತು; ಸೂಟ್‌ಕೇಸಿನಲ್ಲಿ ಒಡೆದು ಬೇರೆಯವರ ಮದುವೆ ಸೀರೆಯನ್ನು ನೀಲಿ ಮಾಡಿದ ಕತೆಗಳೂ ಬರುತ್ತಿದ್ದವು. ಒಣಹಾಕಲು ಕಟ್ಟಡದ ತಾರಸಿ. ಬಿಸಿಲಿಗೆ ಅರ್ಧ ಗಂಟೆ ಸಾಕು, ಹೆಚ್ಚು ಬಿಟ್ಟರೆ ಬಣ್ಣ ಹಾರುತ್ತದೆ. ಹಾಗಾಗಿ ಒಳಮೈ ಹೊರಗೆ ಮಾಡಿ, ಸಂಜೆ ಹಾಕಿ ಬೆಳಿಗ್ಗೆ ತೆಗೆಯುವವರೇ ಜಾಣರು. ದೂಳುಗಾಳಿ ಎದ್ದ ದಿನ ಎಲ್ಲವನ್ನೂ ಮತ್ತೆ ತೊಳೆಯಬೇಕು. ದಕ್ಷಿಣದ ದೋಫಾರ್ ಪ್ರಾಂತ್ಯದ ಸಲಾಲಾದಲ್ಲಿದ್ದ ಕನ್ನಡಿಗರ ಪಾಡು ಬೇರೆ. ಅಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಎಂಬ ಮಳೆಗಾಲ, ಮಲೆನಾಡಿನಂತೆ ಜಿನುಗುವ ಮಂಜು. ಬಟ್ಟೆ ಒಣಗುವುದಿಲ್ಲ, ಚರ್ಮದ ಬೂಟಿಗೆ ಬೂಸಲು ಹಿಡಿಯುತ್ತದೆ. ಕರಾವಳಿಯ ಆಟಿ ತಿಂಗಳು ನೋಡಿದವರಿಗೆ ಅದೇನು ಕಲಿಯಬೇಕಾದ ವಿಷಯವಾಗಿರಲಿಲ್ಲ.

ಇಸ್ತ್ರಿಯಲ್ಲಿ ಎರಡು ಪಂಗಡ. ಲಾಂಡ್ರಿಗೆ ಕೊಡುವವರು, ರೂಮಿನಲ್ಲೇ ಹಾಕುವವರು. ಲಾಂಡ್ರಿಯಲ್ಲಿ ಒಂದು ಅಂಗಿಗೆ ಕೊಡುವ ಬೈಸಾಗಳು ಅಲ್ಪವೇ, ಆದರೆ ತಿಂಗಳಿಗೆ ಇಪ್ಪತ್ತಾರು ಅಂಗಿಯೆಂದರೆ ಸಣ್ಣ ಸಂಬಳಕ್ಕೆ ಕಾಣುವ ತೂತು. ರೂಮಿನವರು ಸೇರಿ ಒಂದು ಇಸ್ತ್ರಿ ಪೆಟ್ಟಿಗೆ ಕೊಂಡು, ಶುಕ್ರವಾರ ಬೆಳಿಗ್ಗೆ ನೆಲದ ಮೇಲೆ ಕಂಬಳಿ ಹಾಸಿ ವಾರದ ಬಟ್ಟೆಗೆಲ್ಲ ಸರದಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಹತ್ತಿಯ ಅಂಗಿಗೆ ಗಂಜಿ ಹಾಕುವುದು ಊರಿನ ವಿದ್ಯೆ. ಅದರಲ್ಲೂ ಒಂದು ಸೂಕ್ಷ್ಮವಿತ್ತು. ಕುಚ್ಚಲಕ್ಕಿಯ ಗಂಜಿತಿಳಿ ಬಿಳಿ ಬಟ್ಟೆಗೆ ಕೆಂಪು ಛಾಯೆ ಬಿಡುತ್ತದೆ, ಅದಕ್ಕೆ ಬೆಳ್ತಿಗೆ ಅಕ್ಕಿಯದೇ ಆಗಬೇಕು. ಮೆಸ್ಸಿನಲ್ಲಿ ಬೆಳ್ತಿಗೆ ಅನ್ನ ಮಾಡಿದ ದಿನ ತಿಳಿಯನ್ನು ಚೆಲ್ಲದೆ ತೆಗೆದಿಡಲು ಅಡುಗೆಯವನಿಗೆ ಹೇಳಿರುತ್ತಿದ್ದರು. ಪ್ಯಾಂಟನ್ನು ಗೆರೆ ಹಿಡಿದು ಮಡಿಸಿ ಹಾಸಿಗೆಯಡಿ ಇಟ್ಟು ಮಲಗುವುದು ಕರೆಂಟಿಲ್ಲದ ಊರುಗಳಿಂದ ಬಂದವರ ಅಭ್ಯಾಸ. ಅದು ಮಸ್ಕತ್‌ನಲ್ಲೂ ಮುಂದುವರಿಯಿತು. ಇಷ್ಟೆಲ್ಲ ಮಾಡಿ ಹೊರಟವನು ಬೈಸಾ ಬಸ್ಸು ಎಂದು ಕರೆಯುವ ಕಿಕ್ಕಿರಿದ ಮಿನಿ ಬಸ್ಸಿನಲ್ಲಿ ಕೂತರೆ ಅರ್ಧ ಇಸ್ತ್ರಿ ಅಲ್ಲೇ ಹೋಗುತ್ತಿತ್ತು. ಕಿಟಕಿಯ ಪಕ್ಕ ಬೆನ್ನು ತಾಗಿಸದೆ ನೆಟ್ಟಗೆ ಕೂರುವ ಒಂದು ಭಂಗಿ ಆ ಕಾಲದ ಗುಮಾಸ್ತರ ಗುರುತಾಗಿತ್ತು.

ಕಟ್ಟಡ ಕೆಲಸ, ವರ್ಕ್‌ಶಾಪ್, ಪೈಪ್‌ಲೈನುಗಳಲ್ಲಿ ದುಡಿಯುವವರಿಗೆ ಈ ಚಿಂತೆ ವಾರಕ್ಕೊಮ್ಮೆ ಮಾತ್ರ. ಆರು ದಿನ ಕಂಪನಿಯ ಕವರಾಲ್. ಏಳನೆಯ ದಿನ, ಶುಕ್ರವಾರ ಸಂಜೆ, ರುವಿಯ ಬೀದಿಗಳಲ್ಲಿ ಊರಿನವರನ್ನು ಕಾಣಲು ಸೇರುವಾಗ ಮಾತ್ರ ಪ್ಯಾಂಟು ಅಂಗಿ. ವಾರಕ್ಕೊಮ್ಮೆ ತೊಡುವ ಅಂಗಿ ಬಹಳ ವರ್ಷ ಬಾಳುತ್ತದೆ, ಹಾಗಾಗಿ ಅತಿ ಕಡಿಮೆ ಸಂಬಳದವರ ಅಂಗಿಗಳೇ ಅಲ್ಲಿ ಅತಿ ಹೊಸದಾಗಿ ಕಾಣುತ್ತಿದ್ದದ್ದುಂಟು.

ಪರಿಮಳದ ಪಾಠವೂ ಒಮಾನಿಗಳದ್ದೇ. ದೋಫಾರಿನ ಲುಬಾನ್ ಧೂಪದ ಹೊಗೆಗೆ ಬಟ್ಟೆ ಹಿಡಿಯುವುದು, ಫುರಾಖಾ ಕುಚ್ಚಿಗೆ ಅತ್ತರು ಮುಟ್ಟಿಸುವುದು ಅವರ ದಿನಚರಿ. ಸ್ಪ್ರೇ ಸೆಂಟು ಕೊಳ್ಳಲಾಗದ ಕನ್ನಡಿಗ ಮತ್ರಾ ಸೂಕಿನಲ್ಲಿ ಕಾಲು ತೊಲ ಅತ್ತರು ಕೊಳ್ಳುತ್ತಿದ್ದ. ಮೂರು ಮಿಲಿಲೀಟರಿನ ಆ ಶೀಷೆ ತಿಂಗಳುಗಟ್ಟಲೆ ಬರುತ್ತದೆ, ಏಕೆಂದರೆ ಹನಿಯನ್ನು ಬಟ್ಟೆಗೆ ಹಾಕುವುದಿಲ್ಲ, ಕಿವಿಯ ಹಿಂದೆ ಮುಟ್ಟಿಸುತ್ತಾರೆ. ಬಟ್ಟೆಗೆ ಹಾಕಿದರೆ ಎಣ್ಣೆಯ ಕಲೆ. ತೊಳೆಯದ ಅಂಗಿಯ ಮೇಲೆ ಪರಿಮಳ ಸುರಿದುಕೊಳ್ಳುವುದನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ.

ಹೆಂಗಸರ ಕತೆ ತಡವಾಗಿ ಶುರುವಾಗುತ್ತದೆ. ಕುಟುಂಬ ಕರೆಸಿಕೊಳ್ಳಲು ಸರಕಾರ ವಿಧಿಸಿದ್ದ ಸಂಬಳದ ಮಿತಿ ಗುಮಾಸ್ತರಲ್ಲಿ ಹಲವರಿಗೆ ನಿಲುಕುತ್ತಿರಲಿಲ್ಲ. 2017ರಲ್ಲಿ ಅದನ್ನು 600 ರಿಯಾಲಿನಿಂದ 300ಕ್ಕೆ, 2023ರಲ್ಲಿ 150ಕ್ಕೆ ಇಳಿಸಲಾಯಿತು. ಮೊದಲು ಬಂದ ಹೆಂಗಸರಲ್ಲಿ ನರ್ಸುಗಳೂ ಟೀಚರುಗಳೂ ಹೆಚ್ಚು. 1975ರಲ್ಲಿ ಇಂಡಿಯನ್ ಸ್ಕೂಲ್ ಮಸ್ಕತ್ ಆರಂಭವಾದ ಮೇಲೆ, ಆನಂತರದ ಭಾರತೀಯ ಶಾಲೆಗಳಲ್ಲೂ, ಸೀರೆ ಟೀಚರಮ್ಮಂದಿರ ದಿನದ ಉಡುಪಾಯಿತು. ವಾರಕ್ಕೆ ಐದಾರು ಸೀರೆ, ಮಕ್ಕಳ ಕಣ್ಣು ಬೇರೆ. ನೂಲಿನ ಸೀರೆಗೆ ಗಂಜಿ, ಇಸ್ತ್ರಿ ಎರಡೂ ಬೇಕು. ಪಾಲಿಯೆಸ್ಟರಿಗೆ ಎರಡೂ ಬೇಡ. ಹಾಗೆ ಗೆದ್ದದ್ದು ಜಪಾನಿನ ಪಾಲಿಯೆಸ್ಟರ್ ಸೀರೆ. ರವಿಕೆಯಲ್ಲಿ ಮಾತ್ರ ಯಾರೂ ರಾಜಿಯಾಗುತ್ತಿರಲಿಲ್ಲ. ಸೀರೆ ಸಾಧಾರಣವಾದರೂ ರವಿಕೆಯ ಹೆಗಲೂ ತೋಳೂ ಸರಿಯಾಗಿ ಕೂತಿದ್ದರೆ ಉಟ್ಟವಳು ಅಚ್ಚುಕಟ್ಟು. ರವಿಕೆ ಸಡಿಲವಾದರೆ ಮೈಸೂರು ರೇಷ್ಮೆಯೂ ಸೋಲುತ್ತದೆ. ಹೊಲಿಗೆ ಬಲ್ಲ ಗೃಹಿಣಿಯರು ತಮ್ಮ ಫ್ಲ್ಯಾಟಿನಲ್ಲೇ ಮೆಷಿನ್ ಇಟ್ಟುಕೊಂಡು ನೆರೆಯವರಿಗೆ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಪಿಕೊ ಮಾಡಿ ಕೊಡುತ್ತಿದ್ದರು. ರಾಜ್ಯೋತ್ಸವ, ನವರಾತ್ರಿ, ಇಂಡಿಯನ್ ಸೋಷಿಯಲ್ ಕ್ಲಬ್ಬಿನ ಕಾರ್ಯಕ್ರಮಗಳಿಗೆ ರೇಷ್ಮೆ ಸೀರೆಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಎರವಲು ತಂದ ಸೀರೆಯನ್ನು ಉಟ್ಟ ಮೇಲೆ ಒಗೆಯದೆ ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಮಡಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಹಿಂದಿರುಗಿಸುವುದು ಮರ್ಯಾದೆ. ಫೋಟೋದಲ್ಲಿ ಒಂದೇ ಸೀರೆ ಎರಡು ವರ್ಷ ಇಬ್ಬರ ಮೈಮೇಲೆ ಕಾಣಿಸಿಕೊಂಡರೆ ಗೊತ್ತಿದ್ದವರು ನಗುತ್ತಿದ್ದರು, ಅಷ್ಟೇ. ಮಕ್ಕಳ ಶಾಲಾ ಯೂನಿಫಾರಮ್ಮೂ ಹೀಗೆಯೇ ದೊಡ್ಡವರಿಂದ ಚಿಕ್ಕವರಿಗೆ, ಒಂದು ಮನೆಯಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು.

ಇಷ್ಟು ಕಟ್ಟುನಿಟ್ಟಾಗಿ ಉಳಿಸಿದ ಹಣ ಹೋಗುತ್ತಿದ್ದದ್ದು ಊರಿಗೆ ಹೋಗುವ ರಜೆಗೆ. ಬಹುತೇಕ ಕಂಪನಿಗಳಲ್ಲಿ ಎರಡು ವರ್ಷಕ್ಕೊಮ್ಮೆ ರಜೆ, ಟಿಕೆಟು. ಅದರ ಉಡುಪೇ ಬೇರೆ ಪ್ರಪಂಚ. ಮಸ್ಕತ್‌ನಲ್ಲಿ ತಿಳಿ ನೀಲಿ ಅಂಗಿ ತೊಟ್ಟವನು ಊರಿಗೆ ಹೊರಡುವಾಗ ಹೊಳೆಯುವ ಸಫಾರಿ, ಕಪ್ಪು ಕನ್ನಡಕ, ಸೀಕೊ ಅಥವಾ ಸಿಟಿಜನ್ ವಾಚು, ಮೂಗಿಗೆ ಹೊಡೆಯುವ ಸೆಂಟು. ವರ್ಷದ ಹಿಂದೆಯೇ ಕೊಂಡು ಪ್ಲಾಸ್ಟಿಕ್ ಕವರು ತೆಗೆಯದೆ ಖಾನೆಯ ತಳದಲ್ಲಿಟ್ಟ ಅಂಗಿ ಅಂದೇ ಹೊರಬರುವುದು. ಮಂಗಳೂರಿಗೆ ನೇರ ಅಂತರರಾಷ್ಟ್ರೀಯ ವಿಮಾನ ಬಂದದ್ದು 2006ರಲ್ಲಿ; ಅದಕ್ಕೆ ಮೊದಲು ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸ್ ದಾಟಿ, ಒಂದು ರಾತ್ರಿಯನ್ನೂ ಹಗಲಿನ ಬಹುಪಾಲನ್ನೂ ನುಂಗುವ ಬಸ್ಸು ಹಿಡಿಯಬೇಕಿತ್ತು. ಆ ಬಸ್ಸಿಗೆ ಹಳೆಯ ಅಂಗಿ, ಊರು ಹತ್ತಿರವಾದಾಗ ಹೊಸ ಅಂಗಿ. ಪೆಟ್ಟಿಗೆಯಲ್ಲಿ ಅತ್ತೆಗೊಂದು, ನಾದಿನಿಗೊಂದು ಫಾರಿನ್ ಸೀರೆ, ಭಾವನಿಗೆ ಪ್ಯಾಂಟ್ ಪೀಸು, ನೆರೆಕರೆಗೆ ಪೌಡರಿನ ಡಬ್ಬಿ. ಇದಕ್ಕೆಂದು ರೂಮಿನ ಚೀಟಿ ಹಿಡಿದವರೂ ಸಾಲ ಮಾಡಿದವರೂ ಕಡಿಮೆಯಿಲ್ಲ. ರಜೆಯ ಎರಡು ತಿಂಗಳ ವೇಷಕ್ಕೆ ತಗಲುತ್ತಿದ್ದ ಖರ್ಚಿನ ಮುಂದೆ ಮಸ್ಕತ್‌ನ ಎರಡು ವರ್ಷದ ಬಟ್ಟೆಯ ಖರ್ಚು ಏನೂ ಅಲ್ಲ. ನಿಜಕ್ಕೂ ಚೆನ್ನಾಗಿ ಕಂಡದ್ದು ಯಾವ ಉಡುಪಿನಲ್ಲಿ ಎಂದು ಆ ಕಾಲದ ಫೋಟೋಗಳನ್ನು ನೋಡಿದರೆ ತಿಳಿಯುತ್ತದೆ: ಕಚೇರಿಯ ಮೇಜಿನ ಮುಂದೆ ತೆಗೆಸಿಕೊಂಡ ಚಿತ್ರಗಳು ಇಂದಿಗೂ ನೋಡುವಂತಿವೆ; ರಜೆಯ ಚಿತ್ರಗಳನ್ನು ಮಕ್ಕಳು ನಗಲೆಂದೇ ತೆಗೆಯುತ್ತಾರೆ. ಆದರೆ ಊರು ಕೇಳುತ್ತಿದ್ದದ್ದು ಆ ವೇಷವನ್ನೇ. ಮಸ್ಕತ್‌ನಿಂದ ಬಂದವನು ತಿಳಿ ನೀಲಿ ಅಂಗಿಯಲ್ಲಿ ಇಳಿದರೆ ಕೆಲಸ ಹೋಯಿತೇ ಎಂದು ವಿಚಾರಿಸುವವರಿದ್ದರು.

1991ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಲೆಕ್ಕ ತಿರುಗಿತು. ರಿಯಾಲ್ ಡಾಲರಿಗೆ ಕಟ್ಟುಹಾಕಿಕೊಂಡಿದೆ. 1986ರಿಂದಲೂ ಒಂದು ರಿಯಾಲಿಗೆ ಸುಮಾರು 2.60 ಡಾಲರ್. 1990ರಲ್ಲಿ ಸುಮಾರು 45 ರೂಪಾಯಿ ಇದ್ದ ರಿಯಾಲ್ 1993ರ ಹೊತ್ತಿಗೆ 80 ದಾಟಿತು. ರುವಿಯಲ್ಲಿ ಹೊಲಿಸುವುದಕ್ಕಿಂತ ರಜೆಯಲ್ಲಿ ಊರಿನ ಟೈಲರಿಗೆ ಒಮ್ಮೆಗೇ ಆರು ಅಂಗಿ, ಮೂರು ಪ್ಯಾಂಟು ಕೊಟ್ಟು ಹೊಲಿಸಿ ತರುವುದು ಅಗ್ಗವಾಯಿತು. ಅದುವರೆಗೆ ಬಟ್ಟೆ ಮಸ್ಕತ್‌ನಿಂದ ಊರಿಗೆ ಹೋಗುತ್ತಿತ್ತು; ಆಮೇಲೆ ಊರಿನಿಂದ ಮಸ್ಕತ್‌ಗೆ ಬರತೊಡಗಿತು. ಭಾರತದ ಮಾರುಕಟ್ಟೆ ತೆರೆದುಕೊಂಡು ಮಂಗಳೂರಿನಲ್ಲೇ ಎಲ್ಲ ಸಿಗುವಂತಾದಾಗ ಫಾರಿನ್ ಸೀರೆಯ ಮರ್ಯಾದೆಯೂ ಇಳಿಯಿತು.

ಆಮೇಲಿನದನ್ನು ವಿಸ್ತರಿಸಬೇಕಿಲ್ಲ. ಲುಲು, ಮ್ಯಾಕ್ಸ್‌ನಂಥ ಮಳಿಗೆಗಳು ರೆಡಿಮೇಡ್ ಅಂಗಿಯನ್ನು ಹೊಲಿಗೆಯ ಕೂಲಿಗಿಂತ ಕಡಿಮೆಗೆ ಕೊಡತೊಡಗಿದವು. ರಂಜಾನಿನ, ವರ್ಷದ ಕೊನೆಯ ಸೇಲುಗಳಿಗೆ ಕಾಯುವುದು ಹೊಸ ಜಾಣತನವಾಯಿತು. 2021ರ ಏಪ್ರಿಲ್ 16ರಿಂದ ಶೇ. 5ರ ವ್ಯಾಟ್ ಸೇರಿದರೂ ಬೆಲೆ ಯಾರನ್ನೂ ತಡೆಯಲಿಲ್ಲ. ಖಾನೆಗಳು ತುಂಬಿದವು, ಅಂಗಿಗಳ ಆಯುಷ್ಯ ಕಡಿಮೆಯಾಯಿತು, ಹೆಗಲಿನ ಹೊಲಿಗೆ ತೋಳಿನ ಮೇಲಕ್ಕೆ ಜಾರಿತು. ಸಣ್ಣ, ನಡು, ದೊಡ್ಡ ಎಂಬ ಮೂರು ನಾಲ್ಕು ಅಳತೆಗಳಲ್ಲಿ ಎಲ್ಲ ಮೈಗಳೂ ಹಿಡಿಯುವುದಿಲ್ಲ. ಅದನ್ನು ಅರಿತ ಕೆಲವರು ಒಂದು ಅಳತೆ ದೊಡ್ಡದನ್ನು ಕೊಂಡು ನೇರ ರುವಿಗೆ ಒಯ್ಯುತ್ತಾರೆ.

ರುವಿಯ ಟೈಲರುಗಳಿಗೆ ಈಗ ಭಾರತೀಯರಿಂದ ಬರುವುದು ಬಹುಪಾಲು ಆಲ್ಟರೇಶನ್: ಸೊಂಟ ಹಿಡಿಯುವುದು, ಕಾಲು ಕತ್ತರಿಸುವುದು, ಜಿಪ್ಪು ಬದಲಿಸುವುದು, ಪಕ್ಕೆ ಒತ್ತುವುದು. ಕಾಲರು ತಿರುಗಿಸಿ ಹೊಲಿಯಲು ಕೇಳಿದರೆ ಹೊಸ ಹುಡುಗರು ಮುಖ ನೋಡುತ್ತಾರೆ. ಸ್ಟಿಕರು ಹಚ್ಚಿ ಅಂಟಿಸಿದ ಈಗಿನ ಕಾಲರುಗಳನ್ನು ಬಿಚ್ಚಲೂ ಬರುವುದಿಲ್ಲ. ಹೊಸ ಹೊಲಿಗೆಯಾಗಿ ಉಳಿದಿರುವುದು ಎರಡೇ, ಒಮಾನಿಗಳ ದಿಶ್‌ದಾಶಾ ಮತ್ತು ಭಾರತದ ಹೆಂಗಸರ ರವಿಕೆ. ಈದ್ ಹಬ್ಬದ ಮುಂಚಿನ ವಾರಗಳಲ್ಲಿ ದಿಶ್‌ದಾಶಾದ ಒತ್ತಡಕ್ಕೆ ರವಿಕೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಆಗ ಮದುವೆಗೆ ಊರಿಗೆ ಹೊರಡುವವರು ಒಂದು ತಿಂಗಳು ಮುಂಚೆಯೇ ಬಟ್ಟೆಯನ್ನೂ ಅಳತೆಯ ರವಿಕೆಯನ್ನೂ ಕೊಟ್ಟು ಚೀಟಿ ಪಡೆದಿರುತ್ತಾರೆ.